ಒಂದೇ ತಂತಿ, ಎರಡು ಅಳತೆ: ಅಲೆಗಳ ಮೊತ್ತವನ್ನು ಚಿಹ್ನೆ ಬಿಟ್ಟು ಅಳೆಯುವ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆಗೆ ತಾಗಿದ ಅಡ್ಡರಸ್ತೆಯೊಂದರಲ್ಲಿ ಹದಿನೈದು ಕಂಪ್ಯೂಟರ್‌ಗಳಿರುವ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯಿದೆ. ಮೀಟರ್ ಬೋರ್ಡಿನಿಂದ ಒಳಬರುವ ತಂತಿ ಬೆಚ್ಚಗಾಗುತ್ತಿದೆ ಎಂಬ ದೂರಿನ ಮೇಲೆ ಅಲ್ಲಿಗೆ ಬಂದಿದ್ದ ಎಲೆಕ್ಟ್ರಿಷಿಯನ್ ತನ್ನ ಹಳೆಯ ಟಾಂಗ್ ಟೆಸ್ಟರನ್ನು ತಂತಿಗೆ ಕಚ್ಚಿಸಿದಾಗ ಅದು ಎಂಟೂವರೆ ಆಂಪಿಯರ್‌ನ ಆಸುಪಾಸು ತೋರಿಸಿತು. ಜೊತೆಗಿದ್ದ ಹುಡುಗ ಹೊಸದಾಗಿ ಕೊಂಡಿದ್ದ, ಮೈಮೇಲೆ ‘ಟ್ರೂ ಆರ್‌ಎಂಎಸ್’ ಎಂದು ಬರೆದಿದ್ದ ಇನ್ನೊಂದು ಟೆಸ್ಟರನ್ನು ಅದೇ ತಂತಿಗೆ, ಅದೇ ಜಾಗದಲ್ಲಿ ಹಿಡಿದಾಗ ಹತ್ತು ಬಂತು. ಎರಡನ್ನೂ ಅದಲು ಬದಲು ಮಾಡಿ ಹಿಡಿದರೂ ಸಂಖ್ಯೆಗಳು ಬದಲಾಗಲಿಲ್ಲ. ಪ್ರಿಂಟ್ ತೆಗೆಸಲು ಹೋಗಿ ಅಲ್ಲೇ ನಿಂತಿದ್ದ ನನ್ನನ್ನು, ಗಣಿತ ಪಾಠ ಮಾಡುವವನೆಂಬ ಪರಿಚಯದಿಂದ, ‘ಮೇಷ್ಟ್ರೇ, ಯಾವುದನ್ನ ನಂಬೋದು?’ ಎಂದು ಅವರು ಕೇಳಿದರು.

ಎರಡು ಮೀಟರ್‌ಗಳಲ್ಲಿ ಯಾವುದೂ ಕೆಟ್ಟಿರಲಿಲ್ಲ. ಅವು ಒಂದೇ ಅಲೆಯ ಮೇಲೆ ಎರಡು ಬೇರೆ ಬೇರೆ ಅನುಕಲನಗಳನ್ನು, ಅಂದರೆ ಕ್ಷಣಕ್ಷಣದ ಬೆಲೆಗಳನ್ನು ಕೂಡುತ್ತ ಹೋಗುವ ಲೆಕ್ಕಗಳನ್ನು, ಮಾಡುತ್ತಿದ್ದವು. ಪಿಯುಸಿ ಗಣಿತ ಓದಿದವರಿಗೆ ಈ ಎರಡು ಅನುಕಲನಗಳೂ ಹೊಸವಲ್ಲ. ಆದರೆ ಅವುಗಳ ನಡುವಿನ ಅಂತರ ಎಲ್ಲಿಂದ ಬರುತ್ತದೆ, ಎಷ್ಟರವರೆಗೆ ಹೋಗಬಹುದು ಎಂಬ ಪ್ರಶ್ನೆಯನ್ನು ಬೆನ್ನು ಹತ್ತಿದರೆ 20ನೆಯ ಶತಮಾನದ ಗಣಿತಜ್ಞರು ಮೂವತ್ತಕ್ಕೂ ಹೆಚ್ಚು ವರ್ಷ ಹೆಣಗಿದ ಸಮಸ್ಯೆಯೊಂದರ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಹೋಗಿ ಬಂದ ಬಸ್ಸಿನ ಲೆಕ್ಕ

ಮೊದಲು ನಿರಪೇಕ್ಷ ಮೌಲ್ಯದ ವಿಷಯ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಬೆಳಿಗ್ಗೆ ಹೊರಟ ಬಸ್ಸು ಬೆಂಗಳೂರು ಮುಟ್ಟಿ ಸಂಜೆ ಅದೇ ನಿಲ್ದಾಣಕ್ಕೆ ಮರಳಿದರೆ, ಹೊರಟ ಜಾಗದಿಂದ ಅದು ಎಷ್ಟು ದೂರ ಸರಿದಿದೆ ಎಂಬ ಪ್ರಶ್ನೆಗೆ ಉತ್ತರ ಸೊನ್ನೆ. ಚಾಲಕನ ಮುಂದಿನ ಕಿಲೋಮೀಟರ್ ಮೀಟರ್ ಮಾತ್ರ 140 ಹೆಚ್ಚಾಗಿರುತ್ತದೆ. ಹೋಗುವ ವೇಗಕ್ಕೆ ಕೂಡು ಚಿಹ್ನೆ, ಬರುವ ವೇಗಕ್ಕೆ ಕಳೆ ಚಿಹ್ನೆ ಹಾಕಿ ಅನುಕಲಿಸಿದರೆ ಮೊದಲನೆಯ ಉತ್ತರವೂ, ಚಿಹ್ನೆಯನ್ನು ಕಿತ್ತುಹಾಕಿ ಬರಿಯ ವೇಗವನ್ನು ಅನುಕಲಿಸಿದರೆ ಎರಡನೆಯ ಉತ್ತರವೂ ಸಿಗುತ್ತದೆ. ಹೀಗೆ ಚಿಹ್ನೆ ಕಿತ್ತ ಬೆಲೆಯೇ ನಿರಪೇಕ್ಷ ಮೌಲ್ಯ.

ಮನೆಗೆ ಬರುವ ವಿದ್ಯುತ್ತು ಇಂತಹ ಬಸ್ಸೇ. ಸೆಕೆಂಡಿಗೆ 50 ಬಾರಿ ಅದು ಹೋಗಿ ಬರುತ್ತದೆ. ಕೋನವನ್ನು ‘ಕ’ ಎಂದು ಕರೆದರೆ ಸೈನ್ ಕ ಎಂಬ ಅಲೆಯ ಒಂದು ಪೂರ್ಣ ಸುತ್ತಿನ ಅನುಕಲನ ಸೊನ್ನೆ. ಚಿಹ್ನೆ ಕಿತ್ತರೆ ಪ್ರತಿ ಅರ್ಧ ಸುತ್ತಿನ ಉಬ್ಬಿನ ಕೆಳಗಿನ ವಿಸ್ತೀರ್ಣ 2, ಒಟ್ಟು 4. ಸುತ್ತಿನ ಉದ್ದವಾದ 2 ಪೈಯಿಂದ, ಅಂದರೆ 6.283ರಿಂದ, ಭಾಗಿಸಿದರೆ ಸರಾಸರಿ 0.637. ಸೈನ್ 3ಕ ಎಂಬ ಅಲೆಯಲ್ಲಿ ಉಬ್ಬುಗಳು ಮೂರು ಪಟ್ಟು ಹೆಚ್ಚಿದರೂ ಪ್ರತಿಯೊಂದೂ ಮೂರನೆಯ ಒಂದರಷ್ಟು ಕಿರಿದಾಗುವುದರಿಂದ ಮೊತ್ತ ಮತ್ತೆ 4 ಆಗುತ್ತದೆ. ಒಂಟಿ ಅಲೆಯ ಮಟ್ಟಿಗೆ ಅದು ಎಷ್ಟು ವೇಗವಾಗಿ ಆಡಿದರೂ ಉತ್ತರ ಒಂದೇ. ತೊಡಕು ಶುರುವಾಗುವುದು ಅಲೆಗಳನ್ನು ಕೂಡಿದಾಗ.

ಅಂಗಡಿಯ ತಂತಿಯಲ್ಲಿ ಎರಡು ಅಲೆ ಎಲ್ಲಿಂದ ಬಂದವು?

ಹಳೆಯ ಬಲ್ಬು, ಗೀಜರ್, ಇಸ್ತ್ರಿಪೆಟ್ಟಿಗೆ ಇವು ವೋಲ್ಟೇಜಿನ ಆಕಾರದಲ್ಲಿಯೇ ಕರೆಂಟನ್ನು ಎಳೆಯುತ್ತವೆ. ಅಲ್ಲಿ ತಂತಿಯಲ್ಲಿರುವುದು ಹೆಚ್ಚುಕಡಿಮೆ ಒಂಟಿ ಸೈನ್ ಅಲೆ. ಕಂಪ್ಯೂಟರಿನ ಪವರ್ ಸಪ್ಲೈ, ಯುಪಿಎಸ್, ಎಲ್‌ಇಡಿ ದೀಪದೊಳಗಿನ ಪುಟ್ಟ ಸರ್ಕ್ಯೂಟ್ ಹಾಗಲ್ಲ. ಅವುಗಳಲ್ಲಿರುವ ಕೆಪಾಸಿಟರ್ ವೋಲ್ಟೇಜು ತುತ್ತತುದಿಗೆ ಬಂದಾಗ ಮಾತ್ರ ಕರೆಂಟು ಕುಡಿದು, ಉಳಿದ ಹೊತ್ತು ಸುಮ್ಮನಿರುತ್ತದೆ. ಮೂರು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬಿಟ್ಟ ಅರ್ಧ ಗಂಟೆಯಲ್ಲಿ ಇಡೀ ಬೀದಿಯವರು ಬಿಂದಿಗೆ ಹಿಡಿದಂತೆ. ಹಾಗಾಗಿ ತಂತಿಯಲ್ಲಿ ಹರಿಯುವ ಕರೆಂಟಿನ ಚಿತ್ರ ದುಂಡನೆಯ ಸೈನ್ ಆಗಿರದೆ ಕಡಿದಾದ ಗೋಪುರಗಳ ಸಾಲಾಗಿರುತ್ತದೆ.

ಉಷ್ಣದ ಹರಿವನ್ನು ಅಧ್ಯಯನ ಮಾಡುತ್ತಿದ್ದ ಫ್ರಾನ್ಸಿನ ಜೋಸೆಫ್ ಫೂರಿಯೇ 1807ರಲ್ಲಿ ಮುಂದಿಟ್ಟ ವಿಚಾರದ ಪ್ರಕಾರ, ಹೀಗೆ ಮರುಕಳಿಸುವ ಆಕಾರವನ್ನು ಸೈನ್ ಮತ್ತು ಕೊಸೈನ್ ಅಲೆಗಳ ಮೊತ್ತವಾಗಿ ಬಿಡಿಸಬಹುದು. ನಮ್ಮ ತಂತಿಯಲ್ಲಿ 50ರ ಮೂಲ ಅಲೆಯ ಜೊತೆಗೆ ಸೆಕೆಂಡಿಗೆ 150 ಸಲ, 250 ಸಲ ಆಡುವ ಅಲೆಗಳೂ ಇರುತ್ತವೆ. ಇವನ್ನೇ ವಿದ್ಯುತ್ ಕೆಲಸದವರು ಹಾರ್ಮೋನಿಕ್ಸ್ ಎನ್ನುತ್ತಾರೆ. ಕೋಲಾರದ ಕಡೆಯ ಕೊಳವೆಬಾವಿ ಮೋಟಾರುಗಳಿಗೆ ಈಚೆಗೆ ಹಾಕುತ್ತಿರುವ, ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ಡ್ರೈವ್‌ಗಳಿಂದ ಹಿಡಿದು, ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್‌ ಸೌರ ಉದ್ಯಾನದ ಇನ್ವರ್ಟರ್‌ಗಳವರೆಗೆ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಈ ಹೆಚ್ಚುವರಿ ಅಲೆಗಳು ಹುಟ್ಟುತ್ತವೆ, ಅವನ್ನು ಸೋಸುವ ಏರ್ಪಾಡೂ ಇರಬೇಕಾಗುತ್ತದೆ.

ಒಂದೇ ಸಾಮಗ್ರಿ, ಎರಡು ಅಡುಗೆ

ಲೆಕ್ಕಕ್ಕೆ ಸುಲಭವಾಗಲೆಂದು ಎರಡೇ ಅಲೆಗಳನ್ನು ಇಟ್ಟುಕೊಳ್ಳೋಣ: ಸೈನ್ ಕ, ಮತ್ತು ಅದರ ಮೂರನೆಯ ಒಂದರಷ್ಟು ಎತ್ತರದ ಸೈನ್ 3ಕ. ಇವನ್ನು ಎರಡು ಬಗೆಯಲ್ಲಿ ಸೇರಿಸಬಹುದು. ಕೂಡಿದರೆ ಬರುವ ಅಲೆಯನ್ನು ‘ಚಪ್ಪಟೆ ಅಲೆ’ ಎಂದೂ ಕಳೆದರೆ ಬರುವುದನ್ನು ‘ಗೋಪುರ ಅಲೆ’ ಎಂದೂ ಕರೆಯುತ್ತೇನೆ. ಕಳೆಯುವುದೆಂದರೆ ಬೇರೇನಲ್ಲ, ಚಿಕ್ಕ ಅಲೆಯನ್ನು ಅದರ ಅರ್ಧ ಸುತ್ತಿನಷ್ಟು ಮುಂದಕ್ಕೆ ಸರಿಸಿ ಕೂಡುವುದು. ಸಾಮಗ್ರಿಯೂ ಅದೇ, ಅದರ ತೂಕವೂ ಅದೇ. ಬೆರೆಸಿದ ಹೊತ್ತು ಮಾತ್ರ ಬೇರೆ.

ಅರ್ಧ ಸುತ್ತಿನೊಳಗೆ, ಅಂದರೆ 0ಯಿಂದ 180 ಡಿಗ್ರಿಯವರೆಗೆ, ಏನಾಗುತ್ತದೆಂದು ಹತ್ತಿರದಿಂದ ನೋಡಿ. ಸೈನ್ ಕ ಒಂದೇ ಉಬ್ಬು, ವಿಸ್ತೀರ್ಣ 2. ಸೈನ್ 3ಕ ಅಷ್ಟೇ ಜಾಗದಲ್ಲಿ ಮೂರು ಬಾರಿ ಆಡುತ್ತದೆ: ಮೇಲೆ, ಕೆಳಗೆ, ಮತ್ತೆ ಮೇಲೆ. ಪ್ರತಿ ಉಬ್ಬಿನ ವಿಸ್ತೀರ್ಣ 2/3. ಎತ್ತರವನ್ನು ಮೂರನೆಯ ಒಂದಕ್ಕೆ ಇಳಿಸಿರುವುದರಿಂದ 2/9. ಮೇಲಿನ ಒಂದು ಮತ್ತು ಕೆಳಗಿನ ಒಂದು ಪರಸ್ಪರ ಹೊಡೆದುಹೋಗಿ ಒಂದು ಉಬ್ಬು ಉಳಿಯುತ್ತದೆ. ಆದ್ದರಿಂದ ಚಪ್ಪಟೆ ಅಲೆಯ ಅರ್ಧ ಸುತ್ತಿನ ವಿಸ್ತೀರ್ಣ 2 + 2/9, ಅಂದರೆ 20/9. ಗೋಪುರ ಅಲೆಯದು 2 − 2/9, ಅಂದರೆ 16/9. ಅರ್ಧ ಸುತ್ತಿನ ಒಳಗೆ ಈ ಎರಡು ಅಲೆಗಳೂ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಚಿಹ್ನೆ ಕೀಳುವ ಗೊಡವೆಯಿಲ್ಲದೆ ಇಷ್ಟು ಸಲೀಸಾಗಿ ಲೆಕ್ಕ ಮುಗಿಯಿತು. ಪೂರ್ಣ ಸುತ್ತಿಗೆ ನಿರಪೇಕ್ಷ ಅನುಕಲನಗಳು ಕ್ರಮವಾಗಿ 40/9 ಮತ್ತು 32/9. ಒಂದಕ್ಕೊಂದು 5ಕ್ಕೆ 4ರ ಪ್ರಮಾಣ.

ತುದಿಯ ಎತ್ತರದಲ್ಲಿ ಇದು ತಿರುವುಮುರುವು. 90 ಡಿಗ್ರಿಯಲ್ಲಿ ಚಪ್ಪಟೆ ಅಲೆ 2/3ಕ್ಕೆ ತಗ್ಗಿರುತ್ತದೆ, ಗೋಪುರ ಅಲೆ 4/3ಕ್ಕೆ ಚಿಮ್ಮಿರುತ್ತದೆ. ಎತ್ತರದವನ ಜೇಬಿನಲ್ಲಿ ವಿಸ್ತೀರ್ಣ ಕಡಿಮೆ. ಇನ್ನೂ ಒಂದು ಚೆಲುವಿದೆ: ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೈನ್ 3ಕ ಸೂತ್ರವನ್ನು ಹಾಕಿ ನೋಡಿದರೆ ಗೋಪುರ ಅಲೆ ಬೇರೇನೂ ಅಲ್ಲ, ಸೈನ್ ಕ ಎಂಬುದರ ಘನದ 4/3 ಪಾಲು.

ಈಗ ವರ್ಗದ ಲೆಕ್ಕ. ಅಲೆಯನ್ನು ವರ್ಗ ಮಾಡಿ ಸರಾಸರಿ ತೆಗೆದರೆ, ಬೇರೆ ಬೇರೆ ವೇಗದ ಅಲೆಗಳ ನಡುವಿನ ಅಡ್ಡ ಗುಣಲಬ್ಧಗಳೆಲ್ಲ ಒಂದು ಸುತ್ತಿನಲ್ಲಿ ಸೊನ್ನೆಯಾಗುತ್ತವೆ. ಉಳಿಯುವುದು ಒಂದೊಂದರ ವರ್ಗದ ಪಾಲು ಮಾತ್ರ. ಚಪ್ಪಟೆಯಾಗಲಿ ಗೋಪುರವಾಗಲಿ, ಸರಾಸರಿ 1/2 + 1/18 = 5/9. ವರ್ಗಮೂಲ 0.745. ಬೆರೆಸಿದ ಹೊತ್ತು ಯಾವುದೆಂದು ವರ್ಗದ ಸರಾಸರಿ ಕೇಳುವುದೇ ಇಲ್ಲ. ನಿರಪೇಕ್ಷ ಮೌಲ್ಯದ ಸರಾಸರಿಗೆ ಮಾತ್ರ ಅದೇ ಎಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ.

ಮೀಟರಿನೊಳಗೆ ಅಡಗಿದ 1.11

ತಂತಿ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ. ಆದ್ದರಿಂದ ನಮಗೆ ಬೇಕಿರುವುದು ವರ್ಗದ ಸರಾಸರಿಯ ವರ್ಗಮೂಲ. ಆರ್‌ಎಂಎಸ್ ಎಂಬ ಮೂರಕ್ಷರದ ಅರ್ಥ ಅಷ್ಟೇ. ಆದರೆ ವರ್ಗ ಮಾಡುವ ಸರ್ಕ್ಯೂಟಿಗಿಂತ ಚಿಹ್ನೆ ಕೀಳುವ ಸರ್ಕ್ಯೂಟು ಅಗ್ಗ, ಅದಕ್ಕೆ ನಾಲ್ಕು ಡಯೋಡ್ ಸಾಕು. ಹಾಗಾಗಿ ಅಗ್ಗದ ಮೀಟರ್‌ಗಳು ನಿರಪೇಕ್ಷ ಮೌಲ್ಯದ ಸರಾಸರಿಯನ್ನು ಅಳೆದು, ಅದನ್ನು 1.11ರಿಂದ ಗುಣಿಸಿ ತೋರಿಸುತ್ತವೆ. ಶುದ್ಧ ಸೈನ್ ಅಲೆಯ ಆರ್‌ಎಂಎಸ್ 0.707, ನಿರಪೇಕ್ಷ ಸರಾಸರಿ 0.637, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಈ 1.11. ತಂತಿಯಲ್ಲಿ ಶುದ್ಧ ಸೈನ್ ಇರುವವರೆಗೆ ಈ ಉಪಾಯದಲ್ಲಿ ಎಳ್ಳಷ್ಟೂ ತಪ್ಪಿಲ್ಲ.

ನಮ್ಮ ಎರಡು ಅಲೆಗಳನ್ನು ಅದರೊಳಗೆ ಹಾಕೋಣ. ಚಪ್ಪಟೆ ಅಲೆಯ ನಿರಪೇಕ್ಷ ಸರಾಸರಿ 0.707, 1.11ರಿಂದ ಗುಣಿಸಿದರೆ 0.786. ನಿಜವಾದ ಆರ್‌ಎಂಎಸ್ 0.745. ಅಂದರೆ 10 ಆಂಪಿಯರ್ ಇರುವಲ್ಲಿ ಅಗ್ಗದ ಮೀಟರು 10.5 ಎನ್ನುತ್ತದೆ. ಗೋಪುರ ಅಲೆಯ ನಿರಪೇಕ್ಷ ಸರಾಸರಿ 0.566, ಗುಣಿಸಿದರೆ 0.629. ಹತ್ತು ಇರುವಲ್ಲಿ ಇದು 8.4 ಎನ್ನುತ್ತದೆ. ಬಿ.ಎಚ್. ರಸ್ತೆಯ ಪಕ್ಕದಲ್ಲಿ ಕಂಡದ್ದು ಸುಮಾರಾಗಿ ಈ ಎರಡನೆಯದು, ಏಕೆಂದರೆ ಕಂಪ್ಯೂಟರ್‌ಗಳು ಎಳೆಯುವುದು ಗೋಪುರದ ಆಕಾರದ ಕರೆಂಟನ್ನೇ. ಬಿಸಿಯ ಲೆಕ್ಕದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: 10ರ ವರ್ಗ 100, 8.4ರ ವರ್ಗ ಸುಮಾರು 71. ಹಳೆಯ ಟೆಸ್ಟರನ್ನು ನಂಬಿ ತಂತಿಯ ದಪ್ಪವನ್ನು ಆರಿಸಿದವರು ನಿಜವಾದ ಬಿಸಿಯ ಮುಕ್ಕಾಲು ಪಾಲಿಗಿಂತ ಕಡಿಮೆಗೆ ಸಿದ್ಧರಾಗಿರುತ್ತಾರೆ.

ಇಲ್ಲೊಂದು ಪಕ್ಕದ ಮಾತು. ಮೂರು ಫೇಸ್‌ ಇರುವ ಕಟ್ಟಡದಲ್ಲಿ ಫೇಸ್‌ಗಳು 120 ಡಿಗ್ರಿ ಅಂತರದಲ್ಲಿರುವುದರಿಂದ ಮೂಲ ಅಲೆಗಳು ನ್ಯೂಟ್ರಲ್ ತಂತಿಯಲ್ಲಿ ಪರಸ್ಪರ ಅಳಿಸಿಹೋಗುತ್ತವೆ. ಸೈನ್ 3ಕ ಅಲೆಗೆ ಆ ಅಂತರ ಮೂರು ಪಟ್ಟಾಗಿ 360 ಡಿಗ್ರಿಯಾಗುತ್ತದೆ, ಅಂದರೆ ಅಂತರವೇ ಇಲ್ಲ. ಅವು ಮೂರೂ ನ್ಯೂಟ್ರಲ್‌ನಲ್ಲಿ ಒಟ್ಟುಗೂಡುತ್ತವೆ. ನಮ್ಮ ಮಾದರಿಯಲ್ಲಿ ಮೂರು ಸಲ ಮೂರನೆಯ ಒಂದು ಸೇರಿ ಮೂಲ ಅಲೆಯಷ್ಟೇ ಎತ್ತರದ ಕರೆಂಟು ಖಾಲಿಯಿರಬೇಕಾದ ತಂತಿಯಲ್ಲಿ ಹರಿಯುತ್ತದೆ. ಆದರೆ ಅದು ಶುದ್ಧ ಸೈನ್ ಆಗಿರುವುದರಿಂದ ಅಲ್ಲಿ ಮಾತ್ರ ಎರಡು ಮೀಟರ್‌ಗಳೂ ಒಂದೇ ಮಾತು ಆಡುತ್ತವೆ.

ಚಿಹ್ನೆ ನಡುವೆ ಬದಲಾದರೆ

ಮೇಲಿನ ಉದಾಹರಣೆ ಸುಲಭವಾಗಿದ್ದುದು ನಮ್ಮ ಅದೃಷ್ಟ. ಸೈನ್ ಕ + ಸೈನ್ 2ಕ ತೆಗೆದುಕೊಂಡರೆ ಅದು 120 ಡಿಗ್ರಿಯಲ್ಲಿ ಸೊನ್ನೆಯನ್ನು ದಾಟಿ ಕೆಳಗಿಳಿದು 180ಕ್ಕೆ ಮತ್ತೆ ಮೇಲೆ ಬರುತ್ತದೆ. ಮೊದಲ ತುಂಡಿನ ವಿಸ್ತೀರ್ಣ 2.25, ಎರಡನೆಯದು ಕಳೆ 0.25. ಚಿಹ್ನೆ ಇಟ್ಟು ಕೂಡಿದರೆ 2, ಕಿತ್ತು ಕೂಡಿದರೆ 2.5, ಪೂರ್ಣ ಸುತ್ತಿಗೆ ಸರಿಯಾಗಿ 5. ಕೊಸೈನ್ ಕ + ಕೊಸೈನ್ 2ಕ ಎಂದು ಬದಲಿಸಿದರೆ ಉತ್ತರ 3ರ ವರ್ಗಮೂಲದ ಮೂರರಷ್ಟು, ಅಂದರೆ 5.196. ಎರಡೂ ಅಲೆಗಳನ್ನು ಬೇರೆ ಬೇರೆಯಾಗಿ ಅಳೆದು ಕೂಡಿದ್ದರೆ 8 ಬರುತ್ತಿತ್ತು. ಕೂಡಿದ ಮೇಲೆ ಅಳೆದದ್ದು ಅದನ್ನು ಎಂದೂ ಮೀರುವುದಿಲ್ಲ.

ಎರಡು ಅಲೆಗೆ ಸೊನ್ನೆ ದಾಟುವ ಜಾಗಗಳನ್ನು ಹುಡುಕಿ ತುಂಡು ಮಾಡಬಹುದು. ನೂರು ಅಲೆಗಳಿದ್ದರೆ ಆ ಜಾಗಗಳನ್ನು ಹುಡುಕುವುದೇ ದೊಡ್ಡ ಕೆಲಸ. ಆಗ ಗಣಿತಜ್ಞರು ಕೈಗೆ ಸಿಗದ ಸಂಖ್ಯೆಯನ್ನು ಸಿಗುವ ಎರಡು ಸಂಖ್ಯೆಗಳ ನಡುವೆ ಸಿಕ್ಕಿಸುತ್ತಾರೆ. ಮೇಲಿನ ಮಿತಿ ಸುಲಭ: ನಿರಪೇಕ್ಷ ಸರಾಸರಿ ಯಾವಾಗಲೂ ಆರ್‌ಎಂಎಸ್‌ಗಿಂತ ಹೆಚ್ಚಾಗದು. ಕೆಳಗಿನ ಮಿತಿಗೆ ನಾಲ್ಕನೆಯ ಘಾತದ ಸರಾಸರಿ ಬೇಕು. ಆರ್‌ಎಂಎಸ್‌ನ ಘನವನ್ನು ನಾಲ್ಕನೆಯ ಘಾತದ ಸರಾಸರಿಯ ವರ್ಗಮೂಲದಿಂದ ಭಾಗಿಸಿದರೆ ಬರುವ ಸಂಖ್ಯೆಗಿಂತ ನಿರಪೇಕ್ಷ ಸರಾಸರಿ ಕಡಿಮೆಯಾಗದು. ಇದು ಹೋಲ್ಡರ್ ಅಸಮತೆಯ ಒಂದು ರೂಪ. ಅಲೆ ಗೋಪುರದಂತೆ ಚೂಪಾದಷ್ಟೂ ನಾಲ್ಕನೆಯ ಘಾತ ಉಬ್ಬಿ, ಕೆಳಗಿನ ಮಿತಿ ಕುಸಿಯುತ್ತದೆ. ವರ್ಗ ಮತ್ತು ನಾಲ್ಕನೆಯ ಘಾತಗಳಿಗೆ ಚಿಹ್ನೆಯ ಕಾಟವಿಲ್ಲ, ಬರಿಯ ಗುಣಾಕಾರದಿಂದ ಸಿಗುತ್ತವೆ ಎಂಬುದೇ ಇದರ ಲಾಭ.

ನಮ್ಮ ಜೋಡಿಯ ಮೇಲೆ ಪರೀಕ್ಷಿಸಿದರೆ, ಚಪ್ಪಟೆ ಅಲೆಯ ನಾಲ್ಕನೆಯ ಘಾತದ ಸರಾಸರಿ 0.380, ಗೋಪುರದ್ದು 0.713. ಹಾಗಾಗಿ ಚಪ್ಪಟೆ ಅಲೆಯ ನಿರಪೇಕ್ಷ ಸರಾಸರಿ 0.672 ಮತ್ತು 0.745ರ ನಡುವೆ ಇರಲೇಬೇಕು, ನಿಜವಾದದ್ದು 0.707. ಗೋಪುರದ್ದು 0.490 ಮತ್ತು 0.745ರ ನಡುವೆ, ನಿಜವಾದದ್ದು 0.566. ಬೇಲಿ ಸ್ವಲ್ಪ ಅಗಲವೇ, ಆದರೂ ಮೊದಲನೆಯದು ಸಾಕಷ್ಟು ಬಿಗಿಯಾಗಿದೆ.

ಸಾವಿರ ಅಲೆಗಳಾದಾಗ

ಈಗ ಅಂಗಡಿಯನ್ನು ಬಿಟ್ಟು ಮುಂದೆ ಹೋಗೋಣ. 1 + 2 ಕೊಸೈನ್ ಕ + 2 ಕೊಸೈನ್ 2ಕ + 2 ಕೊಸೈನ್ 3ಕ ಎಂದು ಕ್ರಮವಾಗಿ ಸೇರಿಸುತ್ತ ಹೋದರೆ ನಿರಪೇಕ್ಷ ಸರಾಸರಿ ಹೇಗೆ ಬೆಳೆಯುತ್ತದೆ? ಮೊದಲ 1 ಅನ್ನು ಒಂದು ಪದವೆಂದೂ ಪ್ರತಿ ಕೊಸೈನನ್ನು ಎರಡು ಪದಗಳೆಂದೂ ಎಣಿಸುವುದು ರೂಢಿ. ಒಂದು ಪದಕ್ಕೆ ಸರಾಸರಿ 1, ಮೂರಕ್ಕೆ 1.436, ಐದಕ್ಕೆ 1.642, ಏಳಕ್ಕೆ 1.778. ಇವುಗಳಿಗೆ ಲೆಬೆಗ್ ಸ್ಥಿರಾಂಕಗಳೆಂದು ಹೆಸರು. ಸಾವಿರದಷ್ಟು ಪದಗಳಾದರೂ ಅದು ಸುಮಾರು 3.8, ಹತ್ತು ಲಕ್ಷ ಪದಗಳಾದರೆ 6.6. ಆರ್‌ಎಂಎಸ್ ಮಾತ್ರ ಪದಗಳ ಸಂಖ್ಯೆಯ ವರ್ಗಮೂಲದಂತೆ ಏರಿ, ಸಾವಿರಕ್ಕೆ 31.6, ಹತ್ತು ಲಕ್ಷಕ್ಕೆ 1000 ಆಗಿರುತ್ತದೆ.

ಇಷ್ಟು ನಿಧಾನವೇಕೆ ಎಂದರೆ, ಕೋನ ಸೊನ್ನೆಯಲ್ಲಿ ಕೊಸೈನ್‌ಗಳೆಲ್ಲ ಒಟ್ಟಿಗೆ ತುದಿ ಮುಟ್ಟಿ ಬಹಳ ಎತ್ತರದ, ಆದರೆ ಅಷ್ಟೇ ಕಿರಿದಾದ ಒಂದು ಗೋಪುರ ಏಳುತ್ತದೆ. ಎತ್ತರವನ್ನು ಅಗಲದಿಂದ ಗುಣಿಸಿದರೆ ಸಾಧಾರಣ ಸಂಖ್ಯೆಯೊಂದು ಬರುತ್ತದೆಯೇ ಹೊರತು ಅದು ಪದಗಳ ಜೊತೆ ಬೆಳೆಯುವುದಿಲ್ಲ. ಗೋಪುರದ ಎರಡೂ ಪಕ್ಕದಲ್ಲಿ, ಕೆರೆಗೆ ಕಲ್ಲೆಸೆದಾಗ ದೂರ ಹೋದಂತೆ ತಗ್ಗುವ ಉಂಗುರಗಳ ಹಾಗೆ, ಚಿಕ್ಕ ಉಬ್ಬುಗಳ ಸಾಲಿರುತ್ತದೆ. ಅವುಗಳ ವಿಸ್ತೀರ್ಣ ಸುಮಾರಾಗಿ 1, 1/2, 1/3, 1/4ರ ಪ್ರಮಾಣದಲ್ಲಿ ಇಳಿಯುತ್ತದೆ. ಚಿಹ್ನೆ ಇಟ್ಟರೆ ಇವು ಪರಸ್ಪರ ಹೊಡೆದುಹೋಗುತ್ತವೆ, ಕಿತ್ತರೆ ಕೂಡುತ್ತ ಹೋಗುತ್ತವೆ. 1 + 1/2 + 1/3 + … ಎಂಬ ಮೊತ್ತ ಎಲ್ಲೂ ನಿಲ್ಲದೆ, ಆದರೆ ಲಾಗರಿದಮ್‌ನ ಆಮೆನಡಿಗೆಯಲ್ಲಿ ಬೆಳೆಯುತ್ತದೆ ಎಂಬುದು ಪ್ರಸಿದ್ಧ. ನಮ್ಮ ನಿರಪೇಕ್ಷ ಸರಾಸರಿಯಲ್ಲಿ ಆ ಲಾಗರಿದಮ್‌ನ ಮುಂದಿನ ಗುಣಾಂಕ 4ನ್ನು ಪೈಯ ವರ್ಗದಿಂದ ಭಾಗಿಸಿದ್ದು, ಅಂದರೆ 0.405.

ಇದಕ್ಕೆ ವ್ಯತಿರಿಕ್ತವಾಗಿ, ಪ್ರತಿ ಅಲೆಗೆ ನಾಣ್ಯ ಚಿಮ್ಮಿ ಕೂಡು ಅಥವಾ ಕಳೆ ಚಿಹ್ನೆ ಹಾಕಿದರೆ, ಇಲ್ಲವೆ 1, 2, 4, 8 ಎಂದು ದುಪ್ಪಟ್ಟಾಗುವ ವೇಗಗಳನ್ನಷ್ಟೇ ಆರಿಸಿದರೆ, ಅಲೆಗಳು ಒಂದರ ಗೊಡವೆ ಒಂದಕ್ಕಿಲ್ಲದಂತೆ ವರ್ತಿಸುತ್ತವೆ. ಆಗ ಮೊತ್ತದ ಬೆಲೆಗಳು ಗಂಟೆಯಾಕಾರದ ಹಂಚಿಕೆಗೆ ಹತ್ತಿರವಾಗಿ, ನಿರಪೇಕ್ಷ ಸರಾಸರಿ ಆರ್‌ಎಂಎಸ್‌ನ ಸುಮಾರು ಶೇಕಡ 80 ಪಾಲು ಇರುತ್ತದೆ. ಹತ್ತು ಲಕ್ಷ ಪದಗಳಿಗೆ ಒಂದೆಡೆ 6.6, ಇನ್ನೊಂದೆಡೆ 800ರ ಸಮೀಪ.

ಎಷ್ಟು ಕಡಿಮೆ ಮಾಡಬಹುದು?

ಹಾಗಾದರೆ ವೇಗಗಳನ್ನು ಇನ್ನೂ ಜಾಣತನದಿಂದ ಆರಿಸಿ ನಿರಪೇಕ್ಷ ಸರಾಸರಿಯನ್ನು ಲಾಗರಿದಮ್‌ಗಿಂತಲೂ ಕೆಳಗೆ ಇಳಿಸಬಹುದೆ? ಆಗದು ಎಂಬುದು ಇಂಗ್ಲೆಂಡಿನ ಹಾರ್ಡಿ ಮತ್ತು ಲಿಟಲ್‌ವುಡ್ 1948ರಲ್ಲಿ ಮುಂದಿಟ್ಟ ಊಹೆ. ಇಂದು ಅದು ಲಿಟಲ್‌ವುಡ್ ಹೆಸರಿನಲ್ಲಿದೆ. ಹೇಳಲು ಎರಡೇ ಸಾಲು, ಸಾಧಿಸಲು ಮೂವತ್ತಮೂರು ವರ್ಷ. ವೇಗಗಳು ಹೇಗೇ ಇದ್ದರೂ ಸರಾಸರಿ ಮಿತಿಯಿಲ್ಲದೆ ಬೆಳೆದೇ ತೀರುತ್ತದೆ ಎಂದು 1960ರಲ್ಲಿ ತೋರಿಸಿದವರು ಅಮೆರಿಕದ ಪಾಲ್ ಕೋಹೆನ್. ಮುಂದೆ 1966ರಲ್ಲಿ ಗಣಗಳ ಸಿದ್ಧಾಂತದ ಕೆಲಸಕ್ಕೆ ಫೀಲ್ಡ್ಸ್ ಪದಕ ಪಡೆದವರೂ ಅವರೇ. ಆದರೆ ಅವರಿಗೆ ಸಿಕ್ಕ ಬೆಳವಣಿಗೆಯ ವೇಗ ಲಾಗರಿದಮ್‌ಗಿಂತ ಬಹಳ ಹಿಂದಿತ್ತು. ಪೂರ್ತಿ ಸಾಧನೆ ಬಂದದ್ದು 1981ರಲ್ಲಿ, ಎರಡು ಕಡೆಯಿಂದ ಸ್ವತಂತ್ರವಾಗಿ: ಸೋವಿಯತ್ ಒಕ್ಕೂಟದ ಸೆರ್ಗೆಯ್ ಕೊನ್ಯಾಗಿನ್ ಒಂದು ಕಡೆ, ಮೆಗೀ, ಪಿನೋ ಮತ್ತು ಸ್ಮಿತ್ ಎಂಬ ಮೂವರು ಇನ್ನೊಂದು ಕಡೆ. ಈ ಮೂವರ ವಿಧಾನದಲ್ಲಿ ಅಲೆಗಳನ್ನು ಬೇಕಾದಂತೆ ಹಿಂದೆ ಮುಂದೆ ಸರಿಸಿದರೂ, ಅಂದರೆ ಚಪ್ಪಟೆ ಮತ್ತು ಗೋಪುರ ಅಲೆಗಳಲ್ಲಿ ನಾವು ಆಡಿದ ಆಟವನ್ನು ಸಾವಿರ ಅಲೆಗಳ ಮೇಲೆ ಆಡಿದರೂ, ಫಲಿತಾಂಶ ಅಲುಗುವುದಿಲ್ಲ.

ಬಾಕಿ ಉಳಿದಿರುವುದು ಗುಣಾಂಕ. ಅಲೆಗಳೆಲ್ಲ ಒಂದೇ ಎತ್ತರದವಾಗಿ ಒಟ್ಟಿಗೆ ಹೊರಟಾಗ, ಕ್ರಮವಾದ ವೇಗಗಳ ಮೊತ್ತವೇ ಎಲ್ಲಕ್ಕಿಂತ ಚಿಕ್ಕದೆಂದು ನಂಬಲಾಗಿದೆ. ಹಾಗಿದ್ದರೆ ಲಾಗರಿದಮ್‌ನ ಮುಂದೆ 0.405 ಇರಬೇಕು. 1982ರಲ್ಲಿ ಸ್ಟೆಗೆಮನ್ ಸಾಧಿಸಿ ತೋರಿಸಿದ್ದು ಸುಮಾರು 0.129.